ನರಕೋಶದ ಮೇಲಿನ ಒಂಟಿ ಕೂದಲು

ಮಗು ಬಿಸಿಲಿನಲ್ಲಿ ಓಡಿಬಂದ ನಾಯಿಯ ಹಾಗೆ ತೇಕುತ್ತಿತ್ತು. ಈ ಹೋಲಿಕೆ ನನ್ನದಲ್ಲ, ಅದರ ಅಜ್ಜಿಯದು.

"ನಾಯಿ ತೇಕ್ದಂಗೆ ತೇಕ್ತದೆ ಕಣವ್ವಾ. ಆಮ್ಯಾಕೆ ಗಕ್ಕನೆ ನಿಂತೋಯ್ತದೆ. ಅದು ನಿಂತಾಗ ನನ್ ಜೀವ್ವೇ ಓದಂಗಾಯ್ತದೆ" ಎನ್ನುತ್ತ ಪುಟ್ಟತಾಯಮ್ಮ ಮೊಮ್ಮಗಳನ್ನು ನನ್ನ ಮೇಜಿನ ಮೇಲೆ ಮಲಗಿಸಿದರು. ಹಿಂದೆ ನಿಂತಿದ್ದ ತಾಯಿ ಭಾಗ್ಯ, ಇಪ್ಪತ್ತು ದಾಟಿದ ಹುಡುಗಿ, ಬಾಯೇ ಬಿಡಲಿಲ್ಲ. ಮಗುವಿನ ಹೆಸರು ಚಂದನ. ಹುಟ್ಟಿ ಎರಡು ತಿಂಗಳಾಗಿತ್ತು.

ನಾನು ಆಗ ನಂಜನಗೂಡಿನಲ್ಲಿ ಸರ್ಕಾರಿ ಸೇವೆಯಲ್ಲಿದ್ದ ಮಕ್ಕಳ ವೈದ್ಯೆ. ಈಗ ನಿವೃತ್ತಳಾಗಿ ಮತ್ತೆ ಇದೇ ಊರಿಗೆ ಬಂದು ನೆಲೆಸಿದ್ದೇನೆ. ತಾಲ್ಲೂಕು ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗ ಹುಡುಗಿಯರು ಬಂದು, "ಅಲ್ಲೇನಿರುತ್ತೆ ಮೇಡಂ, ನೆಗಡಿ, ಕೆಮ್ಮು, ಭೇದಿ ತಾನೆ?" ಎಂದು ಕೇಳುವುದುಂಟು. ಹೌದು, ಅದೇ. ನೆಗಡಿ, ಕೆಮ್ಮು, ಭೇದಿ. ಆದರೆ ಪುಸ್ತಕದಲ್ಲಿ ಒಂದೇ ಒಂದು ಪ್ಯಾರಾ ಇರುವ ಕಾಯಿಲೆಯೂ ಒಂದು ದಿನ ಆ ಸಾಲಿನಲ್ಲೇ ಚೀಟಿ ಹಿಡಿದು ಕೂತಿರುತ್ತದೆ. ಅದು ತಾನಾಗಿ ಹೆಸರು ಹೇಳುವುದಿಲ್ಲ. ನನಗೆ ಬಂದ ಬಡ್ತಿ, ಹೊದಿಸಿದ ಶಾಲು ಇವುಗಳ ಬಗ್ಗೆ ಬರೆಯಲು ಮನಸ್ಸಿಲ್ಲ. ಈ ಒಂದು ಮಗುವಿನ ಹಿಂದೆ ನಾನು ಅಲೆದದ್ದನ್ನು ಹೇಳುತ್ತೇನೆ.

ಚಂದನಳಿಗೆ ನ್ಯುಮೋನಿಯಾ ಎಂದು ಅಷ್ಟರಲ್ಲೇ ಬೇರೆ ಬೇರೆ ಕಡೆ ಇಂಜೆಕ್ಷನ್ ಚುಚ್ಚಿಸಿ ಆಗಿತ್ತು. ನಾನೂ ಮೊದಲು ಅದನ್ನೇ ಹುಡುಕಿದೆ. ಸ್ಟೆತಸ್ಕೋಪ್ ಇಟ್ಟರೆ ಎರಡೂ ಕಡೆ ಎದೆ ಸ್ವಚ್ಛ. ಎಕ್ಸ್‌ರೇ ಸ್ವಚ್ಛ. ಜ್ವರವಿಲ್ಲ, ತುಟಿ ಕೆಂಪಗಿದೆ. ಆದರೂ ಪಕ್ಕೆ ತಿದಿ ಒತ್ತಿದಂತೆ ಏರಿಳಿಯುತ್ತಿದೆ. ವಾರ್ಡಿಗೆ ಸೇರಿಸಿಕೊಂಡೆ. ಕೂತಲ್ಲಿ ಕೂರುವ ಸ್ವಭಾವ ನನ್ನದಲ್ಲ. ಹೊರರೋಗಿಗಳನ್ನು ನೋಡುವ ನಡುನಡುವೆ ಎದ್ದು ಹೋಗಿ ಮಗುವನ್ನು ನೋಡಿ ಬರುತ್ತಿದ್ದೆ. ಸಾಲಿನಲ್ಲಿದ್ದವರು ಗೊಣಗುತ್ತಿದ್ದರು. ಊಟದ ಹೊತ್ತಿಗೆ ಹೋದಾಗ ಮಗು ನಿದ್ದೆಯಲ್ಲಿತ್ತು. ಉಸಿರು ಎಲ್ಲ ಕೂಸುಗಳ ಉಸಿರಿನ ಹಾಗೆ ಮೆಲ್ಲಗೆ ಹೋಗಿ ಬರುತ್ತಿತ್ತು. ಅಷ್ಟರಲ್ಲಿ ಯಾರೋ ಬಾಗಿಲು ಬಡಿದರು, ಎಚ್ಚರವಾಯಿತು, ಮತ್ತೆ ತೇಕಲು ಶುರು.

ಶ್ವಾಸಕೋಶದ ಕಾಯಿಲೆ ನಿದ್ದೆಯ ಹೊತ್ತಿಗೆ ರಜೆ ಹಾಕುವುದಿಲ್ಲ. ಹಾಗಾದರೆ ತೊಂದರೆ ಎದೆಯಲ್ಲಲ್ಲ, ಎದೆಗೆ ಅಪ್ಪಣೆ ಕೊಡುವ ಕಡೆ ಇದೆ. ಮಗುವನ್ನು ಮತ್ತೆ ಮೊದಲಿನಿಂದ ನೋಡಿದೆ. ಕಣ್ಣುಗಳು ಒಂದು ಕಡೆ ನಿಲ್ಲದೆ ಅದುರುತ್ತಿದ್ದವು. ಎತ್ತಿಕೊಂಡರೆ ಕೈಯಿಂದ ಜಾರಿ ಹೋಗುವಷ್ಟು ಮೈ ಸಡಿಲ.

ನಮ್ಮ ಹಿರಿಯ ವೈದ್ಯರು ಡಾಕ್ಟರ್ ಸದಾಶಿವಯ್ಯ. ವರಾಂಡದಲ್ಲಿ ನನ್ನನ್ನು ತಡೆದರು.

"ಏನಮ್ಮಾ, ಕಾಲಿಗೆ ಚಕ್ರ ಕಟ್ಕೊಂಡಿದ್ದೀಯಾ?"

"ಸರ್, ಆ ಮಗುಗೆ ಮಿದುಳಲ್ಲೇ ಏನೋ ಇದೆ."

"ಇರಬಹುದು. ಏನು ಅಂತ ಗೊತ್ತಾದ್ರೆ ಔಷಧಿ ಇದೆಯಾ?"

"ಗೊತ್ತಿಲ್ಲ ಸರ್."

"ಔಷಧಿ ಇಲ್ಲದ ಕಾಯಿಲೆಗೆ ಹೆಸರು ಹುಡುಕೋಕೆ ಅವರನ್ನ ಊರೂರು ಅಲೆಸ್ತೀಯಾ? ಹಾಲು ಹೇಗೆ ಕುಡಿಸ್ಬೇಕು, ಉಸಿರು ನಿಂತ್ರೆ ಏನು ಮಾಡ್ಬೇಕು, ಅದನ್ನ ಹೇಳ್ಕೊಡು. ಅದು ನಮ್ಮ ಕೆಲಸ."

ನನಗೆ ಸಿಟ್ಟು ಬಂತು. ಆದರೆ ಅವರು ಅಷ್ಟಕ್ಕೆ ಬಿಡಲಿಲ್ಲ. ತಾವೇ ವಾರ್ಡಿಗೆ ಬಂದು, ಮಂಚದ ಅಂಚಿನಲ್ಲಿ ಕೂತು, ಉಸಿರು ನಿಂತಾಗ ಅಂಗಾಲಿಗೆ ಬೆರಳಿನಿಂದ ಹೇಗೆ ಹೊಡೆಯಬೇಕು, ಬೆನ್ನು ಹೇಗೆ ಉಜ್ಜಬೇಕು ಎಂದು ಮಗುವಿನ ತಂದೆಗೆ ತೋರಿಸಿದರು. ತಂದೆ ಮಹದೇವಸ್ವಾಮಿ ತಾಂಡ್ಯದ ಕಾರ್ಖಾನೆಯಲ್ಲಿ ಪಾಳಿ ಕೆಲಸದವನು. ಸಮವಸ್ತ್ರದಲ್ಲೇ ಓಡಿ ಬಂದಿದ್ದ. ಅವನು ಮತ್ತೆ ಮತ್ತೆ ಮಾಡಿ ಕಲಿತ. ಆ ಮಗು ಮೊದಲ ವರ್ಷ ಬದುಕಿ ಉಳಿದದ್ದು ಆ ಪಾಠದಿಂದ, ನನ್ನ ಹುಡುಕಾಟದಿಂದಲ್ಲ. ಪೂರ್ತಿ ತಪ್ಪು ಹೇಳುವ ಮೇಲಧಿಕಾರಿಯ ಜೊತೆ ಜಗಳವಾಡಬಹುದು. ಅರ್ಧ ಸರಿ ಹೇಳುವವರ ಜೊತೆ ಏನು ಮಾಡುವುದು?

ಉಳಿದ ಅರ್ಧ ನನ್ನನ್ನು ಸುಮ್ಮನೆ ಬಿಡಲಿಲ್ಲ. ಇದು ಏನೆಂದು ತಿಳಿಯದೆ, ಮುಂದೆ ಏನು ಬರುತ್ತದೆ ಎಂದು ಆ ಹುಡುಗಿಗೆ ಹೇಗೆ ಹೇಳಲಿ? ಸಿ.ಟಿ. ಸ್ಕ್ಯಾನ್ ಮಾಡಿಸಿದೆ. 'ಸಹಜ' ಎಂದು ವರದಿ ಬಂತು. ಆ ಕಾಲದ ಆ ಯಂತ್ರದ ಚಿತ್ರದಲ್ಲಿ ಮಿದುಳಿನ ಹಿಂಬದಿ, ಬುಡದ ಹತ್ತಿರ, ಮಂಜು ಮುಸುಕಿದಂತೆ ಇರುತ್ತಿತ್ತು. ನನಗೆ ಬೇಕಾಗಿದ್ದದ್ದು ಅಲ್ಲೇ. ಎಂ.ಆರ್.ಐ. ಆಗಬೇಕು, ಅದಕ್ಕೆ ಮೈಸೂರಿಗೆ ಹೋಗಬೇಕು.

ರಜೆ ಹಾಕಿ ನಾನೂ ಅವರ ಜೊತೆ ಬಸ್ಸು ಹತ್ತಿದೆ. ಎಂ.ಆರ್.ಐ.ಗೆ ಮಗು ಅಲುಗಾಡಬಾರದು. ಎಲ್ಲ ಮಕ್ಕಳಿಗೂ ಕೊಡುವಂತೆ ನಿದ್ದೆಯ ಸಿರಪ್ ಕೊಟ್ಟರು. ಅಳತೆಯಲ್ಲಿ ತಪ್ಪಿರಲಿಲ್ಲ. ಭಾಗ್ಯಳ ತೊಡೆಯ ಮೇಲೆ ಮಗು ನಿದ್ದೆಹೋಯಿತು. ಸ್ವಲ್ಪ ಹೊತ್ತಿಗೆ ಎದೆ ಏಳುವುದು ನಿಂತಿತು. ಅಂಗಾಲಿಗೆ ಹೊಡೆದರೂ ಏಳಲಿಲ್ಲ. ತುಟಿ ನೇರಳೆಯಾಗುತ್ತಿತ್ತು. ಕಿತ್ತುಕೊಂಡು, ನೆಲದ ಮೇಲೆ ಮಲಗಿಸಿ, ರಬ್ಬರ್ ಚೀಲದ ಮುಖವಾಡ ಒತ್ತಿ ಹಿಡಿದು ಉಸಿರು ತುಂಬಿದೆ. ಮಾಮೂಲಿನ ಮಗುವಿಗೆ ನಿದ್ದೆ ಮಾತ್ರ ತರುವ ಔಷಧಿ ಇಂಥ ಮಗುವಿನ ಉಸಿರನ್ನೇ ಆರಿಸಿಬಿಡಬಹುದು ಎಂದು ಓದಿದ್ದು ಆಮೇಲೆ. ಬಣ್ಣ ಮರಳಿತು. ಚಿತ್ರ ತೆಗೆಯದೆ ವಾಪಸಾದೆವು. ಬಸ್ಸಿನಲ್ಲಿ ಭಾಗ್ಯ ನನ್ನೊಡನೆ ಮೊದಲ ಬಾರಿಗೆ ಮಾತಾಡಿದಳು.

"ಮೇಡಂ, ಇನ್ನು ಬ್ಯಾಡ. ಇರೋಷ್ಟು ದಿನ ಇರ್ಲಿ ಬಿಡಿ."

ಮನೆಗೆ ಹೋದರೂ ನನಗೆ ಕೂರಲಾಗಲಿಲ್ಲ. ಅಡುಗೆಮನೆಯಿಂದ ಬಾಗಿಲಿಗೆ, ಬಾಗಿಲಿನಿಂದ ಅಡುಗೆಮನೆಗೆ. ಔಷಧಿಯಿಲ್ಲದೆ ಮಗು ತಾನಾಗಿ ಮಲಗಿದರೆ? ಮಾರನೆಯ ವಾರ ಅವರ ಬಾಡಿಗೆ ಮನೆಗೆ ಹೋಗಿ ಕೇಳಿದೆ. ಭಾಗ್ಯ ಬೇಡವೆಂದು ತಲೆ ಅಲ್ಲಾಡಿಸಿದಳು. ಪುಟ್ಟತಾಯಮ್ಮನೇ, "ಔಸ್ದಿ ಕೊಡಾಕಿಲ್ಲ ತಾನೆ? ಅಂಗಾರೆ ನಾ ಕರ್ಕಂಬತ್ತೀನಿ" ಎಂದರು. ಬೆಳಿಗ್ಗೆಯಿಂದ ಮಗುವನ್ನು ಮಲಗಲು ಬಿಡದೆ ಆಡಿಸಿದೆವು. ಬಸ್ಸಿನಲ್ಲಿ ಕಣ್ಣು ಮುಚ್ಚಿದಾಗಲೆಲ್ಲ ಮಹದೇವಸ್ವಾಮಿ ಕಿಟಕಿಯ ಗಾಳಿಗೆ ಹಿಡಿದ. ಅಲ್ಲಿ ತಲುಪಿದ ಮೇಲೆ ಹೊಟ್ಟೆ ತುಂಬ ಹಾಲು ಕೊಟ್ಟು, ಕಿವಿಗೆ ಹತ್ತಿ ಇಟ್ಟು, ಹಳೆಯ ನೂಲಿನ ಸೀರೆಯಲ್ಲಿ ಬಿಗಿಯಾಗಿ ಸುತ್ತಿದೆವು. ಯಂತ್ರ ಸುತ್ತಿಗೆಯಲ್ಲಿ ಬಡಿದಂತೆ ಸದ್ದು ಮಾಡುತ್ತಿದ್ದರೂ ಚಂದನ ಏಳಲಿಲ್ಲ.

ಸ್ಕ್ಯಾನ್ ನೋಡುವ ವೈದ್ಯರು ಕಿರಿಯರು. ನನ್ನನ್ನು ಒಳಗೆ ಕರೆದರು. "ಮೇಡಂ, ಇಲ್ಲಿ ಏನು ಕಾಣ್ತಿದೆ ಹೇಳಿ."

"ಹಲ್ಲು" ಎಂದೆ. ನಿಜಕ್ಕೂ ಹಲ್ಲು. ಕಿತ್ತು ಇಟ್ಟ ದವಡೆ ಹಲ್ಲು, ಬೇರಿನ ಸಮೇತ, ಮಿದುಳಿನ ನಡುವೆ.

ಪುಸ್ತಕದ ಆ ಒಂದು ಪ್ಯಾರಾದ ಕಾಯಿಲೆಗೆ ಅದೇ ಕುರುಹು. ಆ ಕಾಯಿಲೆಗೆ ಅದನ್ನು ಮೊದಲು ವಿವರಿಸಿದ ಪರದೇಶದ ವೈದ್ಯೆಯ ಹೆಸರಿದೆ. ಕಾರಣ ಮಾತ್ರ ಆಗಷ್ಟೇ ಗೊತ್ತಾಗುತ್ತಿತ್ತು. ನಾನು ಓದುವಾಗ ಸಿಲಿಯಾ ಎಂದರೆ ಶ್ವಾಸನಾಳದೊಳಗೆ ಪೈರಿನ ಹಾಗೆ ತೂಗುತ್ತ ಕಫ, ದೂಳು ಗುಡಿಸುವ ಸೂಕ್ಷ್ಮ ಕೂದಲುಗಳು. ಕನ್ನಡ ಪಠ್ಯದಲ್ಲಿ ಲೋಮಾಂಗ. ನರಕೋಶದ ಮೇಲೂ ಒಂದೇ ಒಂದು, ಅಲ್ಲಾಡದ ಒಂಟಿ ಕೂದಲು ಇದೆ ಎಂದು ಮೇಷ್ಟರು ಹೇಳಿದ್ದರು. ಹಳೆಯ ಕಾಲದ ಉಳಿಕೆ, ಪರೀಕ್ಷೆಗೆ ಬರುವುದಿಲ್ಲ ಎಂದು ಮುಂದಕ್ಕೆ ಹೋಗಿದ್ದರು. ಈಗ ನೋಡಿದರೆ ಮಿದುಳು ಕಟ್ಟುವ ಕೆಲಸ ಅದರ ಮೇಲೇ ನಿಂತಿದೆ. ಗರ್ಭದಲ್ಲಿ ನರಕೋಶಗಳು ಹುಟ್ಟಿದಲ್ಲೇ ಉಳಿಯುವುದಿಲ್ಲ. ಸರಿದು ತಮ್ಮ ಜಾಗ ಸೇರಬೇಕು, ತಂತು ಚಾಚಬೇಕು, ಕೆಲವು ಎಡದಿಂದ ಬಲಕ್ಕೆ ದಾಟಬೇಕು. ಎಲ್ಲಿಗೆ, ಯಾವಾಗ ಎಂಬ ಸುದ್ದಿಯನ್ನು ಸುತ್ತಲಿನ ದ್ರವದಿಂದ ಹಿಡಿದು ಕೋಶಕ್ಕೆ ತಲುಪಿಸುವುದರಲ್ಲಿ ಆ ಒಂಟಿ ಕೂದಲಿಗೆ ದೊಡ್ಡ ಪಾಲಿದೆ. ಚಂದನಳ ದೇಹದಲ್ಲಿ ಅದು ಸರಿಯಾಗಿ ಕಟ್ಟಿಕೊಂಡಿರಲಿಲ್ಲ. ಕಿರುಮಿದುಳಿನ ನಡುಭಾಗ ಬೆಳೆದಿರಲಿಲ್ಲ. ದಾಟಬೇಕಾದ ತಂತುಗಳು ದಾಟದೆ ಎರಡು ಕಡೆಯೂ ದಪ್ಪಗೆ ಉದ್ದಕ್ಕೆ ನಿಂತಿದ್ದವು. ಚಿತ್ರದಲ್ಲಿ ಹಲ್ಲಿನ ಬೇರುಗಳಾಗಿ ಕಂಡದ್ದು ಅವೇ.

ಇದನ್ನು ಮೂವರನ್ನೂ ಕೂರಿಸಿಕೊಂಡು ಹೇಳಬೇಕಿತ್ತು. "ಮನೆ ಮೇಲಿನ ಆಂಟೆನಾ ಇದ್ದ ಹಾಗೆ" ಎಂದೆ. "ಪ್ರತಿ ಕೋಶಕ್ಕೂ ಒಂದು. ಇವಳ ಆಂಟೆನಾ ಸುದ್ದಿ ಸರಿಯಾಗಿ ಹಿಡೀಲಿಲ್ಲ."

ಪುಟ್ಟತಾಯಮ್ಮನ ಮುಖ ಅರಳಿತು. "ಅಂಗಾರೆ ಆಂಟೆನಾ ವಸಿ ತಿರುಗ್ಸುದ್ರೆ ಸರೋಯ್ತದಾ?"

ಹೋಲಿಕೆ ಕೊಡುವಾಗ ಎಚ್ಚರವಿರಲಿ ಎಂದು ಕಿರಿಯರಿಗೆ ಹೇಳುವುದು ಇದಕ್ಕೇ. ಕೇಳುವವರು ಅದನ್ನು ನಿಮಗಿಂತ ಮುಂದೆ ಒಯ್ಯುತ್ತಾರೆ. "ಇಲ್ಲ ಅಮ್ಮ. ಸುದ್ದಿ ಬರೋ ಹೊತ್ತು ಹೊಟ್ಟೇಲೇ ಮುಗೀತು. ಮಿದುಳು ಕಟ್ಟಿ ಆಗಿದೆ" ಎಂದೆ. ಉಸಿರಿನ ಕಾಟ ಬೆಳೆಯುತ್ತ ತಗ್ಗುತ್ತದೆ, ಕೂರುವುದು ನಡೆಯುವುದು ತುಂಬ ತಡವಾಗುತ್ತದೆ, ಮಾತು ನಿಧಾನ, ಇದೇ ಕೂದಲು ಕಣ್ಣಿನಲ್ಲೂ ಮೂತ್ರಪಿಂಡದಲ್ಲೂ ಇರುವುದರಿಂದ ಅವೆರಡನ್ನೂ ವರ್ಷವರ್ಷ ನೋಡುತ್ತಿರಬೇಕು ಎಂದೆಲ್ಲ ಹೇಳಿದೆ.

"ಯಾಕಾಯ್ತು ಮೇಡಂ?" ಎಂದ ಮಹದೇವಸ್ವಾಮಿ.

ಅವನು ಭಾಗ್ಯಳ ಸೋದರಮಾವ, ಪುಟ್ಟತಾಯಮ್ಮನ ಕೊನೆಯ ತಮ್ಮ. ನಮ್ಮ ಕಡೆ ಇದೇನೂ ಹೊಸದಲ್ಲ. ಸೋದರಮಾವನಿಗೆ ಹೆಣ್ಣು ಕೊಡುವುದು ಮರ್ಯಾದೆಯ ಮಾತು. ಒಂದೇ ದೋಷ ಒಂದೇ ಮನೆತನದಿಂದ ಇಬ್ಬರಿಗೂ ಬಂದಿದೆ, ಇಬ್ಬರಲ್ಲೂ ಅಡಗಿದೆ, ಎರಡೂ ಕೂಡಿದಾಗ ಮಗುವಿನಲ್ಲಿ ಕಾಣಿಸಿಕೊಳ್ಳುತ್ತದೆ, ಮುಂದಿನ ಪ್ರತಿ ಬಸುರಿನಲ್ಲೂ ನಾಲ್ಕರಲ್ಲಿ ಒಂದು ಪಾಲು ಆ ಸಾಧ್ಯತೆ ಇದೆ ಎಂದು ಬಿಡಿಸಿ ಹೇಳಿದೆ. ಪುಟ್ಟತಾಯಮ್ಮ ಎದ್ದು, ಮಗುವನ್ನು ಭಾಗ್ಯಳ ಕೈಗೆ ಕೊಟ್ಟು, ಹೊರಗೆ ಹೋದರು. ಅಂದೇ ತಮ್ಮ ಊರು ಹೆಮ್ಮಿಗೆಯ ಬಸ್ಸು ಹತ್ತಿದರಂತೆ. ಆಮೇಲೆ ನಂಜನಗೂಡಿಗೆ ಬರಲಿಲ್ಲ. ಮಗಳೊಡನೆಯೂ ತಮ್ಮನೊಡನೆಯೂ ಮಾತು ಬಿಟ್ಟರು.

ಆ ದಿನಗಳಲ್ಲಿ ನಾನೊಂದು ಎಡವಟ್ಟೂ ಮಾಡಿದೆ. ಚಂದನಳನ್ನು ಗುರುತಿಸಿದ ಮೇಲೆ ನನಗೆ ಎಲ್ಲ ಕೂಸುಗಳೂ ತೇಕುವಂತೆ ಕಾಣತೊಡಗಿದವು. ಹೆಮ್ಮರಗಾಲದ ಒಂದು ಮಗು ನಿದ್ದೆಯಲ್ಲಿ ಉಸಿರನ್ನು ಒಮ್ಮೆ ಜೋರಾಗಿ, ಒಮ್ಮೆ ನಿಧಾನ ಮಾಡುತ್ತಿತ್ತು. ಹಸುಗೂಸುಗಳಲ್ಲಿ ಇದು ಮಾಮೂಲು. ನಾನು ಮಾತ್ರ ಮೈಸೂರಿಗೆ ಚೀಟಿ ಬರೆದೆ. ಚಿತ್ರದಲ್ಲಿ ಹಲ್ಲೂ ಇಲ್ಲ, ಮಣ್ಣೂ ಇಲ್ಲ. ಆ ತಂದೆ ವರಾಂಡದಲ್ಲಿ ಎಲ್ಲರ ಮುಂದೆ ನನ್ನನ್ನು ಬೈದ: "ಆಡೋ ಮಗೀನ ರೋಗಿ ಮಾಡುದ್ರಲ್ಲಾ, ನಿಮ್ಗೆ ಬ್ಯಾರೆ ಕೆಲ್ಸ ಇಲ್ವಾ?" ಸದಾಶಿವಯ್ಯ ಅವನಿಗೆ ಕಾಫಿ ತರಿಸಿ ಕೊಟ್ಟು ಸಮಾಧಾನ ಮಾಡಿದರು. ನನಗೆ ಹೇಳಿದ್ದು ಒಂದೇ ಮಾತು: "ಅಪರೂಪದ್ದು ಒಂದ್ಸಲ ಕಂಡೋರಿಗೆ ಮಾಮೂಲಿ ಕಾಣಿಸ್ದೆ ಹೋಗುತ್ತೆ. ಒಂದಿಷ್ಟು ದಿನ ಬರೀ ನೆಗಡಿ ನೋಡು."

ನೆಗಡಿ ನೋಡಿದೆ. ಆದರೆ ಮಾತು ಬಿಟ್ಟ ಆ ಹೆಂಗಸು ತಲೆಯಿಂದ ಇಳಿಯಲಿಲ್ಲ. ಭಾಗ್ಯ ಚಂದನಳನ್ನು ತಪಾಸಣೆಗೆ ತಂದಾಗಲೆಲ್ಲ ಕೇಳುತ್ತಿದ್ದೆ. "ಫೋನ್ ಎತ್ತಾಕಿಲ್ಲ ಮೇಡಂ. ಮನೆಗೋದ್ರೆ ಒಲೆ ಮುಂದ್ಕೋಗಿ ಕೂತ್ಕತದೆ." ಅಷ್ಟರಲ್ಲಿ ನನಗೆ ತಿರುಮಕೂಡಲು ನರಸೀಪುರಕ್ಕೆ ವರ್ಗವಾಯಿತು. ಹೆಮ್ಮಿಗೆ ಹತ್ತಿರವಾಯಿತು. ಒಂದು ಭಾನುವಾರ ತಡೆಯಲಾರದೆ ಹೊರಟುಬಿಟ್ಟೆ. ವೈದ್ಯರು ಹೀಗೆ ಮನೆ ಹುಡುಕಿಕೊಂಡು ಹೋಗಬಹುದೇ ಎಂದು ನನ್ನನ್ನು ಕೇಳಬೇಡಿ. ಆವತ್ತು ನನಗೆ ಬೇರೆ ದಾರಿ ಕಾಣಲಿಲ್ಲ.

ಪುಟ್ಟತಾಯಮ್ಮ ಜಗಲಿಯಲ್ಲಿ ಅವರೆಕಾಯಿ ಸುಲಿಯುತ್ತಿದ್ದರು. ಬಾ ಎನ್ನಲಿಲ್ಲ, ಹೋಗು ಎನ್ನಲಿಲ್ಲ. ಪಕ್ಕದಲ್ಲಿ ಕೂತು ನಾನೂ ಸುಲಿಯತೊಡಗಿದೆ. ಮೊರ ತುಂಬುವ ಹೊತ್ತಿಗೆ ಅವರೇ ಶುರು ಮಾಡಿದರು.

"ನಾನೇ ಕಣವ್ವಾ ಕೊಟ್ಟೋಳು. ಅವ್ಳು ಒಲ್ಲೆ ಅಂದ್ಲು, ಓದ್ತೀನಿ ಅಂದ್ಲು. ನನ್ ತಮ್ಮ, ನನ್ ಮಗ್ಳು, ಮನೇಲಿರೋ ಎಣ್ಣು ಮನೇಲೇ ಇರ್ಲಿ ಅಂದೆ. ಆ ಕೂಸಿನ್ ಉಸ್ರು ನಿಂತಾಗೆಲ್ಲ ನಿಲ್ಸಿದ್ದು ನಾನೇಯಾ."

"ನಿಮಗೆ ಗೊತ್ತಿತ್ತಾ?"

"ಯಾನ ಗೊತ್ತು?"

"ಇಂಥ ದೋಷ ಇದೆ ಅಂತ?"

"ಎಲ್ಲಿ ಗೊತ್ತಾಯ್ತದೆ?"

"ಯಾರಿಗೂ ಗೊತ್ತಾಗಲ್ಲ ಅಮ್ಮ. ಹೀಗೆ ಅಡಗಿರೋದು ಎಲ್ಲರ ರಕ್ತದಲ್ಲೂ ಒಂದೆರಡು ಇದ್ದೇ ಇರುತ್ತೆ. ನನ್ನಲ್ಲೂ ಇದೆ. ಯಾವುದು ಅಂತ ಗೊತ್ತಿಲ್ಲ, ಅಷ್ಟೆ."

ಅವರು ಕೈ ನಿಲ್ಲಿಸಿ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಿಂಗೂ ಅದಾ? ಡಾಕ್ಟ್ರುಗೂ ಇದ್ದದಾ?"

"ಇದೆ."

ಇದರಿಂದ ಅವರ ದುಃಖ ಇಳಿಯಿತು ಎಂದು ನಾನು ಹೇಳಲಾರೆ. ಮುಂದಿನ ವಾರ ನಂಜನಗೂಡಿಗೆ ಹೋದರು, ಅಷ್ಟು ಗೊತ್ತು. ಚಂದನಳನ್ನು ಸೊಂಟಕ್ಕೆ ಏರಿಸಿಕೊಂಡು ಬೀದಿಯಲ್ಲಿ ಓಡಾಡುತ್ತಿದ್ದಾರೆ ಎಂದು ಭಾಗ್ಯ ಫೋನು ಮಾಡಿ ಹೇಳಿದಳು.

ಚಂದನಳಿಗೆ ಮೂರು ತುಂಬಿ, ಗೋಡೆ ಹಿಡಿದು ನಿಲ್ಲಲು ಕಲಿಯುತ್ತಿದ್ದಾಗ ಭಾಗ್ಯ ಮತ್ತೆ ಬಸುರಿಯಾದಳು. ನನ್ನ ನೆಮ್ಮದಿ ಹಾರಿಹೋಯಿತು. ಜೀನ್ ಪರೀಕ್ಷೆಗೆ ಚಂದನ, ತಂದೆ, ತಾಯಿ ಮೂವರ ರಕ್ತವೂ ಮೊದಲೇ ಬೆಂಗಳೂರಿಗೆ ಹೋಗಿತ್ತು. 'ಕಾರಣ ಪತ್ತೆಯಾಗಿಲ್ಲ' ಎಂದು ವರದಿ ಬಂದಿತ್ತು. ಈ ಕಾಯಿಲೆಗೆ ಕಾರಣವಾಗುವ ಜೀನ್‌ಗಳು ಹಲವು. ಆಗ ಓದಲು ಬರುತ್ತಿದ್ದವು ಕೆಲವು ಮಾತ್ರ. ಯಾವ ಜೀನ್ ಎಂದು ತಿಳಿಯದೆ ಹೊಟ್ಟೆಯ ಮಗುವಿನಲ್ಲಿ ಹುಡುಕುವುದು ಏನನ್ನು? ಉಳಿದದ್ದು ಅಲ್ಟ್ರಾಸೌಂಡ್. ಅದರಲ್ಲಿ ಕಿರುಮಿದುಳಿನ ನಡುಭಾಗ ತೆಳ್ಳಗೆ ಕಂಡರೂ ಕಾಣಬಹುದು, ಕಾಣದೆಯೂ ಹೋಗಬಹುದು. ಏನಾದರೂ ಕಂಡರೆ ಮುಂದೆ ಏನು ಮಾಡಬಹುದು ಎಂಬ ಮಾತನ್ನೂ ನಾನೇ ಎತ್ತಿದೆ.

ನರಸೀಪುರದ ಆಸ್ಪತ್ರೆಗೆ ನನ್ನನ್ನು ನೋಡಲು ಬಂದಿದ್ದ ಭಾಗ್ಯ ಕೇಳಿಸಿಕೊಂಡಳು. ಚಂದನ ನನ್ನ ಮೇಜಿನ ಕಾಲು ಹಿಡಿದು, ಮಂಡಿ ನಡುಗಿಸುತ್ತ, ಏಳಲು ಹೆಣಗುತ್ತಿದ್ದಳು.

"ಮೇಡಂ, ಇವ್ಳ ಮುಂದೇನೇ ಯೋಳಿ. ಇನ್ನೊಂದು ಇಂಗೇ ಇದ್ರೆ ಬ್ಯಾಡ ಅಂತ ನಾನು ಇವ್ಳ ಮುಂದೆ ಎಂಗೆ ಯೋಳ್ಲಿ?"

"ಇವಳು ಬೇಡ ಅಂತ ಅಲ್ಲ ಭಾಗ್ಯ..."

"ನಿಮ್ಗೆ ಅಲ್ಲ. ನಂಗೆ ಅದೇಯಾ."

ಅವಳು ಆ ಸ್ಕ್ಯಾನಿಗೆ ಹೋಗಲಿಲ್ಲ. ನನಗೆ ಸಿಟ್ಟು ಬಂತು, ಭಯವಾಯಿತು, ಎಷ್ಟೋ ಸಲ ಫೋನು ಕೈಗೆತ್ತಿಕೊಂಡು ಇಟ್ಟೆ. ತವರಿಗೆ ಬಂದವಳು ಹೆರಿಗೆಗೆ ನಮ್ಮ ಆಸ್ಪತ್ರೆಗೇ ಸೇರಿದಳು. ಆ ದಿನ ಡ್ಯೂಟಿ ನನ್ನದಲ್ಲದಿದ್ದರೂ ಬಾಗಿಲಲ್ಲಿ ನಿಂತಿದ್ದೆ. ಗಂಡುಮಗು. ಗಟ್ಟಿಯಾಗಿ ಅತ್ತಿತು. ಬಟ್ಟೆ ಬಿಚ್ಚಿಸಿ, ಎಚ್ಚರವಿದ್ದಾಗ ಅದರ ಎದೆಯನ್ನೇ ನೋಡುತ್ತ ಕೂತೆ. ಉಸಿರು ಸಮವಾಗಿತ್ತು. ವಾರಗಳು ಕಳೆದರೂ ಸಮವಾಗಿಯೇ ಇತ್ತು.

ಕಿರಿಯರು ಈ ಕಥೆ ಕೇಳಿ, "ಹಾಗಾದರೆ ಅವಳ ನಿರ್ಧಾರವೇ ಸರಿಯಾಯಿತಲ್ಲ" ಎನ್ನುತ್ತಾರೆ. ಅದು ತಪ್ಪು ಲೆಕ್ಕ. ಮಗು ಚಂದನಳ ಹಾಗೇ ಹುಟ್ಟಿದ್ದರೂ ಅವಳು ತಪ್ಪು ಮಾಡಿದಳು ಎಂದು ನಾನು ಹೇಳುತ್ತಿರಲಿಲ್ಲ. ನಮಗೆ ಗೊತ್ತಿರುವುದನ್ನು ಪೂರ್ತಿ ಹೇಳುವುದು, ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎನ್ನುವುದು, ಆಮೇಲೆ ಅವರು ಎತ್ತ ಹೋದರೂ ಜೊತೆಗಿರುವುದು. ಇದು ನನಗೆ ಬೇಗ ಬಂದ ಬುದ್ಧಿಯಲ್ಲ.

ಜೀನ್ ಸಿಕ್ಕಿದ್ದು ಎಷ್ಟೋ ವರ್ಷಗಳ ನಂತರ. ಬೆಂಗಳೂರಿನಲ್ಲಿ ತೆಗೆದಿಟ್ಟಿದ್ದ ಅದೇ ಮಾದರಿಗಳನ್ನು ಹೊಸ ವಿಧಾನದಲ್ಲಿ ಮತ್ತೆ ಓದಿದರು. ಜೀನಿನ ಬರಹದಲ್ಲಿ ಒಂದೇ ಒಂದು ಅಕ್ಷರದ ವ್ಯತ್ಯಾಸ, ತಂದೆ ತಾಯಿ ಇಬ್ಬರಲ್ಲೂ. ಒಂದು ಕಾಲದಲ್ಲಿ ಎಕ್ಸ್‌ರೇ ಫಿಲ್ಮನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತಿದ್ದ ನಾನು ಆ ವರದಿಯನ್ನು ಫೋನಿನಲ್ಲಿ ಓದಿದೆ, ಬಸ್ ನಿಲ್ದಾಣದಲ್ಲಿ ನಿಂತು. ಸದಾಶಿವಯ್ಯ ಇದ್ದಿದ್ದರೆ, "ಹೆಸರೂ ಸಿಕ್ತು, ಅಕ್ಷರಾನೂ ಸಿಕ್ತು, ಔಷಧಿ?" ಎಂದು ಕೇಳುತ್ತಿದ್ದರು. ಔಷಧಿ ಈಗಲೂ ಇಲ್ಲ.

ಚಂದನ ಐದು ದಾಟಿದ ಮೇಲೆ ನಡೆದಳು. ಕಾಲು ಅಗಲಿಸಿ, ತೂಗುತ್ತ ನಡೆಯುತ್ತಾಳೆ. ಮಾತು ಒಂದೊಂದೇ ಅಕ್ಷರ ಬಿಡಿಸಿಟ್ಟಂತೆ. ಪರೀಕ್ಷೆಗಳಲ್ಲಿ ಬರೆಯಲು ಹೆಚ್ಚಿನ ಸಮಯ ಕೇಳಿ ಪಡೆದು ಪಿಯುಸಿ ಮುಗಿಸಿ, ಈಗ ನಂಜನಗೂಡಿನಲ್ಲೇ ಬಿ.ಕಾಂ. ಓದುತ್ತಿದ್ದಾಳೆ. ಕಣ್ಣಿನ ಪರದೆ ಚೆನ್ನಾಗಿದೆ. ಮೂತ್ರಪಿಂಡ ಸ್ವಲ್ಪ ಸೋಲತೊಡಗಿದೆ. ರಕ್ತದ ವರದಿ ಬರುವ ದಿನ ನನಗೆ ಈಗಲೂ ಅನ್ನ ಇಳಿಯುವುದಿಲ್ಲ. ನಾನು ನಿವೃತ್ತಳಾದರೂ ಅವಳು ವರದಿಯನ್ನು ಮೊದಲು ತರುವುದು ನಮ್ಮ ಮನೆಗೇ.

ಹೋದ ತಿಂಗಳು ತಾಯಿಯೂ ಮಗಳೂ ಬಂದಿದ್ದರು. ಈ ಸಲದ್ದು ಹೋದ ಸಲಕ್ಕಿಂತ ಕೆಟ್ಟಿಲ್ಲ ಎಂದು ಹೇಳಿ ಕಾಫಿ ಕೊಟ್ಟೆ. ಭಾಗ್ಯ ನೆಮ್ಮದಿಯಿಂದ ಒರಗಿ ಕೂತಳು. ಚಂದನ ಮಾತ್ರ ದುಪಟ್ಟಾದ ಅಂಚನ್ನು ತಿರುಚುತ್ತಿದ್ದಳು.

"ಮೇಡಂ, ಒಂದು ಕೇಳ್ಲಾ?"

"ಕೇಳಮ್ಮ."

"ಅಮ್ಮನ್ ಮಕ್ಕಳಿಗೆ ಬತ್ತದಾ ಅಂತ ಎಲ್ರೂ ಮಾತಾಡುದ್ರಿ. ನನ್ ಮಕ್ಕಳಿಗೆ ಬತ್ತದಾ ಅಂತ ಯಾರೂ ಯೋಳ್ಲೇ ಇಲ್ವಲ್ಲ?"

ಅವಳ ಉಸಿರು, ಅವಳ ಕಾಲು, ಕಣ್ಣು, ಮೂತ್ರಪಿಂಡ ಎಲ್ಲವನ್ನೂ ಇಷ್ಟು ವರ್ಷ ನೋಡಿದವಳು ನಾನು. ಇದೊಂದು ಪ್ರಶ್ನೆ ನನಗೆ ಹೊಳೆದೇ ಇರಲಿಲ್ಲ.

"ಸಂಬಂಧದೊಳಗೆ ಬೇಡ" ಎಂದೆ, ಸಾವರಿಸಿಕೊಂಡು. "ಹೊರಗಿನ ಹುಡುಗ ಆದ್ರೆ ಮಕ್ಕಳಿಗೆ ಬರೋ ಸಾಧ್ಯತೆ ತೀರಾ ಕಡಿಮೆ. ನಿನ್ನ ಜೀನ್ ಯಾವುದು ಅಂತ ಗೊತ್ತಿದೆಯಲ್ಲ, ಅವನ ರಕ್ತದಲ್ಲೂ ಅದನ್ನ ನೋಡಿಬಿಟ್ರೆ ಇನ್ನೂ ಗಟ್ಟಿಯಾಗಿ ಹೇಳಬಹುದು. ಮಕ್ಕಳು ಅನ್ನೋದಕ್ಕೆ ಮುಂಚೆ ನಿನ್ನ ಮೂತ್ರಪಿಂಡ ಹೇಗಿದೆ ಅಂತ ಮಾತ್ರ ಡಾಕ್ಟರ ಹತ್ರ ಕೇಳ್ಲೇಬೇಕು."

ಚಂದನ ಅದನ್ನೆಲ್ಲ ಒಂದೊಂದಾಗಿ ಒಳಗೆ ಇಟ್ಟುಕೊಂಡಳು. ಆಮೇಲೆ ನಿಧಾನವಾಗಿ, ಅಕ್ಷರ ಅಕ್ಷರ ಬಿಡಿಸಿ ಹೇಳಿದಳು.

"ಹೊರಗಿನೋನೇ."

ಭಾಗ್ಯ ಕಾಫಿ ಲೋಟ ಕೆಳಗಿಟ್ಟು ನೆಟ್ಟಗೆ ಕೂತಳು.

"ಯಾರೇ ಅವ್ನು?"